‘ಈ ಸಲ ಗೋಲ್ಡ್ ಪಕ್ಕಾ’: ಹೈಸ್ಕೂಲ್ ಕುಸ್ತಿಯ ಫಲಿತಾಂಶ ಮೊದಲೇ ಹೇಳಲು ಬರುತ್ತದೆಯೇ?

“ಈ ಸಲ 48 ಕೆಜಿ ಗೋಲ್ಡ್ ನಮ್ಮ ಹುಡುಗಂದ. 100 ಪರ್ಸೆಂಟ್ ಪಕ್ಕಾ ಐತಿ. ಬರಕೊಂಡ ಇಟ್ಕೋರಿ.”

ಶಾಲಾ ಕ್ರೀಡಾಕೂಟ ಹತ್ತಿರ ಬಂದರೆ ಊರಿನ ವಾಟ್ಸಾಪ್ ಗ್ರೂಪುಗಳಲ್ಲಿ ಇಂಥ ಮೆಸೇಜುಗಳು ಓಡಾಡಲು ಶುರುವಾಗುತ್ತವೆ. ಹುಡುಗನ ಫೋಟೋ, ಹಿಂದೆ ಗೆದ್ದ ಕಪ್ಪು, ಮೇಲೆ ಸಿಂಹದ ಚಿತ್ರ, ಕೆಳಗೆ ‘ಎಲ್ಲರಿಗೂ ಶೇರ್ ಮಾಡಿ’. ಕಲ್ಲೋಳಿ, ಮೂಡಲಗಿ, ಗೋಕಾಕ, ಹುಕ್ಕೇರಿ ಕಡೆ ಕುಸ್ತಿಯ ಮೇಲೆ ಜನರಿಗೆ ಅಭಿಮಾನ ಜಾಸ್ತಿ. ಹಾಗಾಗಿ ಮೆಸೇಜು ಒಂದು ಊರಿಂದ ಇನ್ನೊಂದು ಊರಿಗೆ ಹೋಗಲು ಹೊತ್ತು ಹಿಡಿಯುವುದಿಲ್ಲ.

ಹಾಗಾದರೆ ಕುಸ್ತಿಯಲ್ಲಿ ಯಾರು ಗೆಲ್ಲುತ್ತಾರೆ ಎಂದು ಮೊದಲೇ ಹೇಳಲು ಬರುತ್ತದೆಯೇ? ಬಂದರೆ ಎಷ್ಟರ ಮಟ್ಟಿಗೆ? ‘ಪಕ್ಕಾ’ ಎಂದು ಹೇಳುವುದರಿಂದ ಯಾರಿಗೆ ಏನು ತೊಂದರೆ? ಒಂದೊಂದಾಗಿ ನೋಡೋಣ.

ಚುಟುಕು ಉತ್ತರ

ಅಂದಾಜು ಮಾಡಬಹುದು, ಗ್ಯಾರಂಟಿ ಕೊಡಲಾಗದು. ಒಳ್ಳೆಯ ಅಂದಾಜು ‘10ರಲ್ಲಿ 6 ಸಲ ಗೆಲ್ಲಬಹುದು’ ಎಂಬಂತೆ ಒಂದು ಸಂಖ್ಯೆಯಲ್ಲಿ ಇರುತ್ತದೆ. ‘ಪಕ್ಕಾ’ ಎನ್ನುವ ಮಾತು ಲೆಕ್ಕದಿಂದ ಹುಟ್ಟಿದ್ದಲ್ಲ, ಅಭಿಮಾನದಿಂದ ಹುಟ್ಟಿದ್ದು. ಅಭಿಮಾನ ತಪ್ಪಲ್ಲ. ಆದರೆ ಅದರ ಭಾರ ಕೊನೆಗೆ ಹೊರಬೇಕಾದವರು 14–16 ವರ್ಷದ ಮಕ್ಕಳು.

ಜಾತ್ರೆ ಕುಸ್ತಿ ಬೇರೆ, ಶಾಲೆಯ ಕುಸ್ತಿ ಬೇರೆ

ಜಾತ್ರೆಯ ಕುಸ್ತಿಯಲ್ಲಿ ಹಿರಿಯರು, ವಸ್ತಾದರು ಇಬ್ಬರು ಪೈಲ್ವಾನರ ಮೈಕಟ್ಟು, ವಯಸ್ಸು, ತಾಲೀಮು ನೋಡಿ ಜೋಡಿ ಕಟ್ಟುತ್ತಾರೆ. ಸರಿಸಮ ಜೋಡಿ ಆದರೆ ಮಾತ್ರ ಕುಸ್ತಿಗೆ ರಂಗು. ಅಂದರೆ ಯಾರು ಗೆಲ್ಲುತ್ತಾರೆಂದು ಸುಲಭವಾಗಿ ಹೇಳಲು ಬಾರದ ಹಾಗೆ ಬೇಕೆಂದೇ ಜೋಡಿ ಕಟ್ಟಿರುತ್ತಾರೆ. ನಿಕಾಲಿ ಕುಸ್ತಿಯಾದರೆ ಒಬ್ಬ ಚಿತ್ ಆಗುವ ತನಕ ನಡೆಯುತ್ತದೆ, ಪಾಯಿಂಟಿನ ಮಾತಿಲ್ಲ.

ಶಾಲೆಯ ಕುಸ್ತಿ ಹಾಗಲ್ಲ. ಅಲ್ಲಿ ವಯಸ್ಸಿನ ಗುಂಪು, ತೂಕದ ಗುಂಪು, ಡ್ರಾ ಪಟ್ಟಿ, ಪಾಯಿಂಟು ಎಲ್ಲವೂ ಇವೆ. ಕಲ್ಲೋಳಿಯ ಹುಡುಗನೊಬ್ಬ ಮೊದಲು ಮೂಡಲಗಿ ತಾಲೂಕು ಮಟ್ಟದಲ್ಲಿ ಗೆಲ್ಲಬೇಕು. ಆಮೇಲೆ ಚಿಕ್ಕೋಡಿ ಶೈಕ್ಷಣಿಕ ಜಿಲ್ಲೆ. ಗೋಕಾಕ, ಹುಕ್ಕೇರಿ, ರಾಯಬಾಗ, ಅಥಣಿ ಕಡೆಯ ಹುಡುಗರು ಎದುರಾಗುವುದು ಇಲ್ಲಿ. ಅದಾದ ಮೇಲೆ ಬೆಳಗಾವಿ ವಿಭಾಗ. ಧಾರವಾಡ, ಬಾಗಲಕೋಟೆ, ವಿಜಯಪುರ, ಗದಗ, ಹಾವೇರಿಯವರೂ ಅಲ್ಲಿ ಬರುತ್ತಾರೆ. ಅದನ್ನೂ ದಾಟಿದರೆ ರಾಜ್ಯ ಮಟ್ಟ, ಮುಂದೆ ಭಾರತೀಯ ಶಾಲಾ ಕ್ರೀಡಾ ಒಕ್ಕೂಟದ ರಾಷ್ಟ್ರ ಮಟ್ಟ.

ಜಾಗತಿಕ ಕುಸ್ತಿ ಒಕ್ಕೂಟವಾದ ಯುನೈಟೆಡ್ ವರ್ಲ್ಡ್ ರೆಸ್ಲಿಂಗ್‌ನ ನಿಯಮದಂತೆ 17 ವರ್ಷದೊಳಗಿನವರ ಕುಸ್ತಿ ತಲಾ 2 ನಿಮಿಷದ 2 ಅವಧಿ, ನಡುವೆ 30 ಸೆಕೆಂಡ್ ಬಿಡುವು. ಫ್ರೀಸ್ಟೈಲ್‌ನಲ್ಲಿ 10 ಪಾಯಿಂಟ್, ಗ್ರೀಕೊ ರೋಮನ್‌ನಲ್ಲಿ 8 ಪಾಯಿಂಟ್ ಅಂತರ ಸಿಕ್ಕರೆ ಅಲ್ಲಿಗೇ ಕುಸ್ತಿ ಮುಗಿಯುತ್ತದೆ. ಎದುರಾಳಿಯ ಎರಡೂ ಭುಜ ನೆಲಕ್ಕೆ ಒತ್ತಿ ಹಿಡಿದರೆ, ಅಂದರೆ ಚಿತ್ ಮಾಡಿದರೆ, ಪಾಯಿಂಟ್ ಎಷ್ಟಿದ್ದರೂ ಲೆಕ್ಕಕ್ಕಿಲ್ಲ. 9 ಪಾಯಿಂಟ್ ಹಿಂದಿದ್ದವನೂ ಕೊನೆಯ ಗಳಿಗೆಯಲ್ಲಿ ಗೆಲ್ಲಬಹುದು.

ಹೀಗಾಗಿ ಮಣ್ಣಿನ ಅಖಾಡದಲ್ಲಿ ಹೆಸರು ಮಾಡಿದ ಹುಡುಗ ಮ್ಯಾಟಿನ ಮೇಲೂ ಹಾಗೆಯೇ ಗೆಲ್ಲುತ್ತಾನೆ ಎಂದು ಕಣ್ಣುಮುಚ್ಚಿ ಹೇಳಲು ಬರುವುದಿಲ್ಲ. ಮ್ಯಾಟಿನ ಮೇಲೆ ಕಾಲು ಓಡುವ ವೇಗ ಬೇರೆ, 4 ನಿಮಿಷಕ್ಕೆ ಬೇಕಾದ ದಮ್ಮು ಬೇರೆ, ಪಾಯಿಂಟ್ ಉಳಿಸಿಕೊಳ್ಳುವ ಲೆಕ್ಕಾಚಾರವೂ ಬೇರೆ.

80 ಪರ್ಸೆಂಟ್ ಹುಡುಗನಿಗೂ ಗೋಲ್ಡ್ ಯಾಕೆ ತಪ್ಪುತ್ತದೆ?

ಒಬ್ಬ ಹುಡುಗ ಬಹಳ ಚೆನ್ನಾಗಿ ತಾಲೀಮು ಮಾಡಿದ್ದಾನೆ ಎಂದುಕೊಳ್ಳಿ. ಯಾರ ಜೊತೆ ಹಿಡಿದರೂ 10ರಲ್ಲಿ 8 ಕುಸ್ತಿ ಗೆಲ್ಲುವಷ್ಟು ಗಟ್ಟಿಗ. ಅವನ ತೂಕದಲ್ಲಿ 16 ಜನ ಇದ್ದಾರೆ. ಗೋಲ್ಡ್ ಬೇಕಾದರೆ ಸತತ 4 ಕುಸ್ತಿ ಗೆಲ್ಲಬೇಕು.

ಮೊದಲ ಕುಸ್ತಿ ಗೆಲ್ಲುವ ಸಾಧ್ಯತೆ 80 ಪರ್ಸೆಂಟ್. ಎರಡೂ ಗೆಲ್ಲುವ ಸಾಧ್ಯತೆ 80ರಲ್ಲಿ 80 ಪರ್ಸೆಂಟ್, ಅಂದರೆ 64. ಮೂರೂ ಗೆಲ್ಲಲು 51. ನಾಲ್ಕೂ ಗೆಲ್ಲಲು ಕೇವಲ 41 ಪರ್ಸೆಂಟ್.

ಅಂದರೆ ಎಲ್ಲರಿಗಿಂತ ಗಟ್ಟಿಗನಾದ ಹುಡುಗನಿಗೂ ಗೋಲ್ಡ್ ತಪ್ಪುವ ಸಾಧ್ಯತೆಯೇ ಹೆಚ್ಚು. ಹಾಗಂತ ಅವನು ಸೋತರೆ ‘ದಮ್ಮಿಲ್ಲ’, ‘ಮೊಬೈಲ್ ಹಿಡಿದು ಕೆಟ್ಟ’ ಎಂದು ಜರಿಯುವುದು ಸರಿಯೇ? ಲೆಕ್ಕವೇ ಹಾಗಿದೆ. ಪ್ರತಿ ಕುಸ್ತಿಗೆ 90 ಪರ್ಸೆಂಟ್ ಇದ್ದವನಿಗೂ 4 ಕುಸ್ತಿ ಸೇರಿ 66 ಪರ್ಸೆಂಟ್ ಅಷ್ಟೇ. ಮೂವರು ಇಂಥ ಹುಡುಗರಿದ್ದರೆ ಅವರಲ್ಲಿ ಒಬ್ಬ ಗೋಲ್ಡ್ ಇಲ್ಲದೆ ಮನೆಗೆ ಬರುತ್ತಾನೆ ಎಂದು ತಿಳಿಯಬೇಕು.

ಈಗ ‘10 ತೂಕದಲ್ಲೂ ಯಾರು ಗೆಲ್ಲುತ್ತಾರೆ, ಪೂರ್ತಿ ಲಿಸ್ಟ್ ಇಲ್ಲಿದೆ’ ಎನ್ನುವ ಮೆಸೇಜ್ ನೋಡಿ. ಪ್ರತಿ ತೂಕದಲ್ಲೂ ಮೇಲೆ ಹೇಳಿದಂಥ 80 ಪರ್ಸೆಂಟ್ ಗಟ್ಟಿಗನನ್ನೇ ಹುಡುಕಿ ಬರೆದರೂ 10ಕ್ಕೆ 10 ಸರಿಯಾಗುವ ಸಾಧ್ಯತೆ ಸುಮಾರು 7,500ಕ್ಕೆ 1.

ಡ್ರಾ ಬರುವ ಮುಂಚೆ ಹೇಳಿದ ಭವಿಷ್ಯಕ್ಕೆ ಬೆಲೆ ಕಡಿಮೆ

ಯಾರಿಗೆ ಯಾರು ಎದುರು ಎಂಬುದನ್ನು ಚೀಟಿ ಎತ್ತಿ ನಿರ್ಧರಿಸಿದರೆ ಅದೃಷ್ಟಕ್ಕೂ ಒಂದು ಪಾಲು ಸಿಗುತ್ತದೆ. 4 ಜನರ ಸಣ್ಣ ಉದಾಹರಣೆ ತಗೊಳ್ಳೋಣ. ಅವರನ್ನು ಅ, ಬ, ಕ, ಡ ಎನ್ನೋಣ. ‘ಅ’ ಎಲ್ಲರಿಗಿಂತ ಗಟ್ಟಿಗ. ಅವನು ‘ಬ’ನನ್ನು 60, ‘ಕ’ನನ್ನು 75, ‘ಡ’ನನ್ನು 90 ಪರ್ಸೆಂಟ್ ಸಲ ಸೋಲಿಸುತ್ತಾನೆ. ಬ–ಕ ಹಿಡಿದರೆ ‘ಬ’ 70 ಪರ್ಸೆಂಟ್, ಕ–ಡ ಹಿಡಿದರೆ ‘ಕ’ 70 ಪರ್ಸೆಂಟ್ ಗೆಲ್ಲುತ್ತಾರೆ.

ಸೆಮಿಫೈನಲ್‌ನಲ್ಲಿ ‘ಅ’ನಿಗೆ ‘ಡ’ ಎದುರಾದರೆ, ಎಲ್ಲ ದಾರಿಗಳನ್ನೂ ಕೂಡಿಸಿದಾಗ ‘ಅ’ ಗೋಲ್ಡ್ ಗೆಲ್ಲುವ ಸಾಧ್ಯತೆ 58 ಪರ್ಸೆಂಟ್. ಸೆಮಿಫೈನಲ್‌ನಲ್ಲೇ ‘ಬ’ ಎದುರಾದರೆ ಅದು 48ಕ್ಕೆ ಇಳಿಯುತ್ತದೆ. ಹುಡುಗ ಅವನೇ, ತಾಲೀಮು ಅದೇ, ಬದಲಾಗಿದ್ದು ಒಂದು ಚೀಟಿ ಅಷ್ಟೇ.

ಇನ್ನೊಂದು ಸಂಗತಿ. 16 ಜನರ ಡ್ರಾದಲ್ಲಿ ಎಲ್ಲರಿಗಿಂತ ಗಟ್ಟಿಗರಾದ ಇಬ್ಬರು ಒಂದೇ ಅರ್ಧದಲ್ಲಿ ಬೀಳುವ ಸಾಧ್ಯತೆ 15ರಲ್ಲಿ 7, ಅಂದರೆ ಸುಮಾರು 47 ಪರ್ಸೆಂಟ್. ಹಾಗೆ ಬಿದ್ದರೆ ಅವರಿಬ್ಬರೂ ಫೈನಲ್‌ನಲ್ಲಿ ಎದುರಾಗುವುದು ಸಾಧ್ಯವೇ ಇಲ್ಲ. ಎರಡನೇ ಗಟ್ಟಿಗ ಮೊದಲನೇ ಸುತ್ತಿನಲ್ಲೇ ಸೋತು ಹೊರಗೆ ಬರಬಹುದು, ಅವನಿಗಿಂತ ಕಡಿಮೆಯವನು ಬೆಳ್ಳಿ ಪದಕ ಹಾಕಿಕೊಳ್ಳಬಹುದು. ‘ಆಲಿಸ್ ಇನ್ ವಂಡರ್‌ಲ್ಯಾಂಡ್’ ಬರೆದ ಲೂಯಿಸ್ ಕ್ಯಾರಲ್ ಗಣಿತದ ಮೇಷ್ಟ್ರೂ ಆಗಿದ್ದರು. 1883ರಲ್ಲೇ ಅವರು ಟೆನಿಸ್ ಪಂದ್ಯಾವಳಿಗಳ ಈ ದೋಷವನ್ನು ಲೆಕ್ಕ ಸಮೇತ ತೋರಿಸಿ ಬರೆದಿದ್ದರು.

ಇದನ್ನು ಸರಿಪಡಿಸಲು ಎರಡು ಉಪಾಯಗಳಿವೆ. ಒಂದು ಸೀಡಿಂಗ್: ಗಟ್ಟಿಗರನ್ನು ಮೊದಲೇ ಗುರುತಿಸಿ ಡ್ರಾದ ಬೇರೆ ಬೇರೆ ಕಡೆ ಇಡುವುದು. ಇನ್ನೊಂದು ರೆಪೆಚಾಜ್: ಫೈನಲ್ ತಲುಪಿದವರ ಕೈಯಲ್ಲಿ ಸೋತವರಿಗೆ ಕಂಚಿನ ಪದಕಕ್ಕಾಗಿ ಇನ್ನೊಂದು ಅವಕಾಶ ಕೊಡುವುದು. ಹಾಗಾಗಿ ನಿಮ್ಮೂರಿನ ಹುಡುಗಿ ಮೊದಲ ಸುತ್ತಿನಲ್ಲೇ ಸೋತಳು ಎಂದು ಸುದ್ದಿ ಬಂದರೆ ತಕ್ಷಣ ಬೇಸರದ ಮೆಸೇಜ್ ಹಾಕಬೇಡಿ. ಅವಳನ್ನು ಸೋಲಿಸಿದವಳು ಫೈನಲ್‌ಗೆ ಹೋದಳೇ ನೋಡಿ. ರೆಪೆಚಾಜ್ ಇರುವ ಕೂಟವಾದರೆ ಪದಕದ ದಾರಿ ಇನ್ನೂ ತೆರೆದಿರುತ್ತದೆ.

‘ಇಲ್ಲೀತನಕ ಸೋತೇ ಇಲ್ಲ’ ಎಂಬ ದಾಖಲೆಯನ್ನು ಎಷ್ಟು ನಂಬಬೇಕು?

5ಕ್ಕೆ 5 ಗೆದ್ದವನು ಗಟ್ಟಿಗನೋ, 20ಕ್ಕೆ 18 ಗೆದ್ದವನು ಗಟ್ಟಿಗನೋ? ಮೊದಲನೆಯವನೇ ಎಂದು ಅನೇಕರಿಗೆ ಅನಿಸುತ್ತದೆ. ಫ್ರಾನ್ಸಿನ ಗಣಿತಜ್ಞ ಲಾಪ್ಲಾಸ್ ಕೊಟ್ಟ ಒಂದು ಸುಲಭ ಸೂತ್ರ ಇಲ್ಲಿ ನೆರವಿಗೆ ಬರುತ್ತದೆ. ಗೆದ್ದ ಕುಸ್ತಿಗಳಿಗೆ 1 ಸೇರಿಸಿ, ಒಟ್ಟು ಕುಸ್ತಿಗಳಿಗೆ 2 ಸೇರಿಸಿ, ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿ.

5ಕ್ಕೆ 5 ಗೆದ್ದವನಿಗೆ 7ರಲ್ಲಿ 6, ಅಂದರೆ 86 ಪರ್ಸೆಂಟ್. 20ಕ್ಕೆ 18 ಗೆದ್ದವನಿಗೆ 22ರಲ್ಲಿ 19, ಅದೂ 86 ಪರ್ಸೆಂಟ್. ಇಬ್ಬರೂ ಸರಿಸುಮಾರು ಒಂದೇ. ಬರೀ 1 ಕುಸ್ತಿ ಹಿಡಿದು ಅದನ್ನು ಗೆದ್ದವನಿಗೆ 67 ಪರ್ಸೆಂಟ್. ಕಡಿಮೆ ಕುಸ್ತಿಯ ಮೇಲೆ ದೊಡ್ಡ ಮಾತು ಆಡಬಾರದು ಎಂಬುದೇ ಈ ಸೂತ್ರದ ಸಾರ.

ಇಷ್ಟಾದರೂ ಇನ್ನೂ ಮೂರು ವಿಷಯ ಗಮನಿಸಬೇಕು.

ಒಂದು, ಎದುರಾಳಿ ಯಾರು. ಹೊಸಬರ ಮೇಲೆ ಗೆದ್ದ 10 ಕುಸ್ತಿಗಿಂತ ಜಿಲ್ಲಾ ಮಟ್ಟದವನ ಜೊತೆ 1 ಪಾಯಿಂಟಿನಲ್ಲಿ ಸೋತ ಒಂದು ಕುಸ್ತಿ ಹೆಚ್ಚು ಹೇಳಬಹುದು.

ಎರಡು, ಸುತ್ತು ಬಳಸಿನ ಹೋಲಿಕೆ. ‘ನಮ್ಮವ ಗೋಕಾಕದವನನ್ನ ಹೊಡದಾನ, ಗೋಕಾಕದವ ಹುಕ್ಕೇರಿಯವನನ್ನ ಹೊಡದಾನ, ಹಂಗಾದ್ರ ನಮ್ಮವ ಹುಕ್ಕೇರಿಯವನನ್ನ ಹೊಡೀತಾನ’ ಎಂಬ ವಾದ ಕೇಳಲು ಚೆಂದ. ಆದರೆ ಕುಸ್ತಿಯಲ್ಲಿ ಒಬ್ಬೊಬ್ಬರ ಪಟ್ಟು ಒಂದೊಂದು. ಕಾಲಿಗೆ ಕೈ ಹಾಕುವವನಿಗೆ ಕೆಳಗೆ ಬಗ್ಗಿ ಆಡುವ ಎದುರಾಳಿ ಕಷ್ಟ, ಎತ್ತಿ ಹಾಕುವವನಿಗೆ ಅಂಥವನೇ ಸುಲಭ ಇರಬಹುದು. ಕಲ್ಲು, ಕಾಗದ, ಕತ್ತರಿ ಆಟದ ಹಾಗೆ ಮೂವರೂ ಒಬ್ಬರನ್ನೊಬ್ಬರು ಸುತ್ತಾಗಿ ಸೋಲಿಸಬಹುದು.

ಮೂರು, ಬೆಳೆಯುವ ವಯಸ್ಸು. ಹೈಸ್ಕೂಲ್ ಕುಸ್ತಿಯ ಅಂದಾಜು ದೊಡ್ಡವರ ಕುಸ್ತಿಗಿಂತ ಕಷ್ಟ ಆಗುವುದು ಮುಖ್ಯವಾಗಿ ಇದರಿಂದ. ಹುಡುಗರ ಎತ್ತರ ಅತಿ ವೇಗವಾಗಿ ಏರುವುದು ಸರಾಸರಿ 13–14ನೇ ವಯಸ್ಸಿನಲ್ಲಿ, ಹುಡುಗಿಯರದು ಅದಕ್ಕಿಂತ ಸುಮಾರು 2 ವರ್ಷ ಮುಂಚೆ. ಕೆಲವರಿಗೆ ಬೇಗ, ಕೆಲವರಿಗೆ ತಡ. ಎಂಟನೇ ಕ್ಲಾಸಿನಲ್ಲಿ ಸೋತು ಅತ್ತವನು ಹತ್ತನೇ ಕ್ಲಾಸಿಗೆ ಬರುವಷ್ಟರಲ್ಲಿ ಹೆಗಲು ಅಗಲವಾಗಿ, ಕೈ ಉದ್ದವಾಗಿ ಬೇರೆಯೇ ಪೈಲ್ವಾನ ಆಗಿರುತ್ತಾನೆ. ಅದಕ್ಕೇ ಹೋದ ವರ್ಷದ ಫಲಿತಾಂಶ ಈ ವಯಸ್ಸಿನಲ್ಲಿ ಬೇಗ ಹಳೆಯದಾಗುತ್ತದೆ.

ದೊಡ್ಡ ದೊಡ್ಡವರ ಭವಿಷ್ಯವೇ ಸುಳ್ಳಾಗಿದೆ

‘ಇಷ್ಟೆಲ್ಲ ಲೆಕ್ಕ ಯಾಕೆ, ನಿಜವಾದ ಪೈಲ್ವಾನ ಸೋಲೋದಿಲ್ಲ’ ಎನ್ನುವವರಿಗೆ ಮೂರು ಉದಾಹರಣೆಗಳು.

ರಷ್ಯಾದ ಅಲೆಕ್ಸಾಂಡರ್ ಕರೆಲಿನ್ 1988, 1992, 1996ರ ಒಲಿಂಪಿಕ್ಸ್‌ಗಳಲ್ಲಿ ಗೋಲ್ಡ್ ಗೆದ್ದವರು. 13 ವರ್ಷ ಸೋಲೇ ಕಂಡಿರಲಿಲ್ಲ. 2000ದ ಸಿಡ್ನಿ ಒಲಿಂಪಿಕ್ಸ್ ಫೈನಲ್‌ನಲ್ಲಿ ಅಮೆರಿಕದ ರುಲಾನ್ ಗಾರ್ಡ್ನರ್ ಅವರನ್ನು 1–0ಯಿಂದ ಸೋಲಿಸಿದರು.

ಜಪಾನಿನ ಯುಯಿ ಸುಸಾಕಿ 2024ರ ಪ್ಯಾರಿಸ್ ಒಲಿಂಪಿಕ್ಸ್‌ಗೆ ಬಂದಾಗ ಅಂತರರಾಷ್ಟ್ರೀಯ ಕುಸ್ತಿಗಳಲ್ಲಿ 82 ಗೆಲುವು, 0 ಸೋಲು. ಮೊದಲ ಸುತ್ತಿನಲ್ಲೇ ನಮ್ಮ ವಿನೇಶ್ ಫೋಗಟ್ ಕೊನೆಯ ಸೆಕೆಂಡುಗಳಲ್ಲಿ ಪಾಯಿಂಟ್ ಗಳಿಸಿ 3–2ರಿಂದ ಗೆದ್ದರು. ವಿನೇಶ್ ಫೈನಲ್‌ಗೂ ಹೋದರು. ಆದರೆ ಮರುದಿನ ಬೆಳಿಗ್ಗೆ ತೂಕ 50 ಕೆಜಿಗಿಂತ 100 ಗ್ರಾಂ ಜಾಸ್ತಿ ಬಂದು ಅನರ್ಹರಾದರು. ಎರಡು ದಿನದಲ್ಲಿ ಎರಡು ಸಂಗತಿ, ಎರಡೂ ಯಾರೂ ನಿರೀಕ್ಷಿಸದವು.

ಮೂರನೆಯದು ನಮ್ಮ ಪಕ್ಕದ ಬಾಗಲಕೋಟೆ ಜಿಲ್ಲೆಯ ಪೈಲ್ವಾನನದು. 2020ರ ಫೆಬ್ರುವರಿಯಲ್ಲಿ ದೆಹಲಿಯಲ್ಲಿ ನಡೆದ ಏಷ್ಯನ್ ಚಾಂಪಿಯನ್‌ಷಿಪ್‌ನ ಗ್ರೀಕೊ ರೋಮನ್ 55 ಕೆಜಿ ಸೆಮಿಫೈನಲ್‌ನಲ್ಲಿ ಅರ್ಜುನ್ ಹಲಕುರ್ಕಿ ಇರಾನಿನ ಎದುರಾಳಿಯ ಮೇಲೆ 7–1ರಿಂದ ಮುಂದಿದ್ದರು. ಆ ಗಳಿಗೆಯಲ್ಲಿ ‘ಫೈನಲ್ ಪಕ್ಕಾ’ ಎಂದು ಮೆಸೇಜ್ ಹಾಕಿದ್ದರೂ ಯಾರೂ ತಪ್ಪು ಅನ್ನುತ್ತಿರಲಿಲ್ಲ. ಕುಸ್ತಿ ಮುಗಿದಾಗ 7–8. ಅರ್ಜುನ್ ಅಲ್ಲಿಗೇ ಕುಗ್ಗಲಿಲ್ಲ, ಮುಂದಿನ ಕುಸ್ತಿ ಗೆದ್ದು ಕಂಚಿನ ಪದಕ ತಂದರು. ಸೋಲಿನ ನಂತರವೂ ದಿನ ಮುಗಿದಿರುವುದಿಲ್ಲ ಎಂಬುದಕ್ಕೆ ಇದೇ ಒಳ್ಳೆಯ ಸಾಕ್ಷಿ.

ಹಾಗಾದರೆ ಸರಿಯಾದ ಅಂದಾಜು ಹೇಗೆ ಮಾಡುತ್ತಾರೆ?

ಇದಕ್ಕೆ ಹೆಚ್ಚು ಬಳಕೆಯಲ್ಲಿರುವ ವಿಧಾನ ಎಲೊ ರೇಟಿಂಗ್. ಹಂಗೇರಿಯಲ್ಲಿ ಹುಟ್ಟಿ ಅಮೆರಿಕದಲ್ಲಿ ನೆಲೆಸಿದ ಭೌತಶಾಸ್ತ್ರದ ಪ್ರಾಧ್ಯಾಪಕ ಅರ್ಪಾದ್ ಎಲೊ ಇದನ್ನು ಚೆಸ್‌ಗಾಗಿ ಮಾಡಿದರು. 1970ರಲ್ಲಿ ವಿಶ್ವ ಚೆಸ್ ಒಕ್ಕೂಟ ಒಪ್ಪಿಕೊಂಡಿತು. ಈಗ ಫುಟ್‌ಬಾಲ್‌ನಿಂದ ಕುಸ್ತಿಯ ತನಕ ಎಲ್ಲ ಕಡೆ ಇದರ ಬೇರೆ ಬೇರೆ ರೂಪಗಳಿವೆ.

ಒಳಗಿನ ವಿಚಾರ ಸರಳ. ಎಲ್ಲರಿಗೂ ಒಂದೇ ಅಂಕದಿಂದ, ಉದಾಹರಣೆಗೆ 1500ರಿಂದ, ಶುರು. ಗೆದ್ದರೆ ಅಂಕ ಏರುತ್ತದೆ, ಸೋತರೆ ಇಳಿಯುತ್ತದೆ. ತನಗಿಂತ ಗಟ್ಟಿಗನನ್ನು ಗೆದ್ದರೆ ಬಹಳ ಏರುತ್ತದೆ, ಹೊಸಬನನ್ನು ಗೆದ್ದರೆ ಸ್ವಲ್ಪ ಮಾತ್ರ. ಇಬ್ಬರ ನಡುವೆ 100 ಅಂಕದ ಅಂತರ ಇದ್ದರೆ ಮೇಲಿನವನು ಗೆಲ್ಲುವ ಸಾಧ್ಯತೆ 64 ಪರ್ಸೆಂಟ್, 200 ಇದ್ದರೆ 76, 400 ಇದ್ದರೆ 91. ಗಮನಿಸಿ, ಅಂತರ ಎಷ್ಟೇ ದೊಡ್ಡದಾದರೂ ಈ ಲೆಕ್ಕ 100 ಪರ್ಸೆಂಟ್ ಎಂದು ಎಂದೂ ಹೇಳುವುದಿಲ್ಲ.

ಆದರೆ ಈ ಯಂತ್ರಕ್ಕೆ ಹಾಕಲು ಕಾಳು ಬೇಕು, ಅಂದರೆ ಬಹಳಷ್ಟು ಕುಸ್ತಿಗಳ ಬರೆದಿಟ್ಟ ದಾಖಲೆ. ಅಮೆರಿಕದಲ್ಲಿ ಹೈಸ್ಕೂಲ್ ಕುಸ್ತಿ ದೊಡ್ಡ ಕ್ರೀಡೆ. ಅಲ್ಲಿನ ಹುಡುಗ ಒಂದೇ ಸೀಸನ್‌ನಲ್ಲಿ 30–40 ಕುಸ್ತಿ ಹಿಡಿಯುವುದುಂಟು, ಪ್ರತಿಯೊಂದರ ಸ್ಕೋರೂ ಸಿಗುತ್ತದೆ. ನಮ್ಮ ಶಾಲಾ ಕೂಟದಲ್ಲಿ ತಾಲೂಕು ಮಟ್ಟದಲ್ಲೇ ಸೋತವನ ಕುಸ್ತಿ ಆ ವರ್ಷಕ್ಕೆ ಒಂದೋ ಎರಡೋ. ಇಷ್ಟು ಕಡಿಮೆ ಮಾಹಿತಿ ಇರುವಲ್ಲಿ ಯಾವ ಆ್ಯಪ್ ‘ಎಐ ಪ್ರಕಾರ 97 ಪರ್ಸೆಂಟ್’ ಎಂದರೂ ‘ಎಷ್ಟು ಕುಸ್ತಿ ನೋಡಿ ಹೇಳಿದ್ದು?’ ಎಂದು ಕೇಳಬೇಕು.

ಊರಿನ ಹಿರಿಯ ವಸ್ತಾದರ ಕಣ್ಣಿಗೂ ಬೆಲೆ ಇದೆ. ಹುಡುಗನ ಮೊಣಕಾಲು ನೋವು, ದಮ್ಮು, ಹೆದರಿಕೆ, ಇವು ಯಾವ ರೇಟಿಂಗಿನಲ್ಲೂ ಕಾಣುವುದಿಲ್ಲ. ದಾಖಲೆ, ವಸ್ತಾದರ ಮಾತು, ಡ್ರಾ ಪಟ್ಟಿ ಈ ಮೂರೂ ಸೇರಿದರೆ ಅಂದಾಜು ಗಟ್ಟಿಯಾಗುತ್ತದೆ.

‘ನಾಲ್ಕಕ್ಕೆ ನಾಲ್ಕೂ ಸರಿ ಹೇಳಿದ್ದಾನೆ’: ಇದರ ಹಿಂದಿನ ಕೈಚಳಕ

ಒಬ್ಬನ ಬಳಿ 16 ಗ್ರೂಪುಗಳಿವೆ ಎಂದುಕೊಳ್ಳಿ. ಮೊದಲ ಕುಸ್ತಿಗೆ 8 ಗ್ರೂಪಿಗೆ ‘ಕೆಂಪು ಗೆಲ್ಲುತ್ತಾನೆ’, 8ಕ್ಕೆ ‘ನೀಲಿ ಗೆಲ್ಲುತ್ತಾನೆ’ ಎಂದು ಕಳಿಸುತ್ತಾನೆ. ಯಾರು ಗೆದ್ದರೂ 8 ಗ್ರೂಪಿನಲ್ಲಿ ಅವನ ಮಾತು ನಿಜ. ಆ 8ರಲ್ಲಿ ಮತ್ತೆ 4ಕ್ಕೆ ಕೆಂಪು, 4ಕ್ಕೆ ನೀಲಿ. ಆಮೇಲೆ 2–2, ಆಮೇಲೆ 1–1. ನಾಲ್ಕು ಕುಸ್ತಿ ಮುಗಿದಾಗ ಒಂದು ಗ್ರೂಪಿನವರು ನಾಲ್ಕಕ್ಕೆ ನಾಲ್ಕೂ ನಿಜವಾಗಿದ್ದನ್ನು ಕಣ್ಣಾರೆ ಕಂಡಿರುತ್ತಾರೆ. ಉಳಿದ 15 ಗ್ರೂಪಿನ ಸುದ್ದಿ ಅವರಿಗೆ ಗೊತ್ತಿಲ್ಲ. ‘ಮುಂದಿನ ಟಿಪ್ ಬೇಕಾದರೆ ಫೋನ್‌ಪೇ ಮಾಡಿ’ ಎಂಬ ಮೆಸೇಜ್ ಬರುವುದು ಆ ಒಂದು ಗ್ರೂಪಿಗೆ.

ಕೆಲವರಿಗೆ ಇಷ್ಟೂ ಬೇಡ. ತಪ್ಪಾದ ಭವಿಷ್ಯವನ್ನು ‘ಡಿಲೀಟ್ ಫಾರ್ ಎವರಿವನ್’ ಮಾಡಿ, ಸರಿಯಾದದ್ದರ ಸ್ಕ್ರೀನ್‌ಶಾಟ್ ಮಾತ್ರ ಸ್ಟೇಟಸ್‌ಗೆ ಹಾಕಿದರೆ ಮುಗಿಯಿತು. ಇಂಥವರ ಮಾತು ಕೇಳಿ ಹಣ ಕಟ್ಟುವುದು ಜೂಜು. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು 2025ರ ಕೇಂದ್ರ ಕಾಯ್ದೆ ನಿಷೇಧಿಸಿದೆ. ಶಾಲಾ ಮಕ್ಕಳ ಕುಸ್ತಿಯ ಮೇಲೆ ಪಂಥ ಕಟ್ಟುವುದಂತೂ ಮಕ್ಕಳನ್ನೇ ಆ ಜಾಲಕ್ಕೆ ಎಳೆದಂತೆ.

ಕೆಂಪು ಡ್ರೆಸ್ ಹಾಕಿದವರು ಹೆಚ್ಚು ಗೆಲ್ಲುತ್ತಾರೆಯೇ?

ಈ ಮಾತಿಗೆ ಒಂದು ನಿಜವಾದ ಮೂಲ ಇದೆ. 2004ರ ಅಥೆನ್ಸ್ ಒಲಿಂಪಿಕ್ಸ್‌ನ ಬಾಕ್ಸಿಂಗ್, ಟೇಕ್ವಾಂಡೊ, ಕುಸ್ತಿ ಪಂದ್ಯಗಳನ್ನು ಲೆಕ್ಕಹಾಕಿದ ರಸೆಲ್ ಹಿಲ್ ಮತ್ತು ರಾಬರ್ಟ್ ಬಾರ್ಟನ್, ಕೆಂಪು ತೊಟ್ಟವರು ಸುಮಾರು 55 ಪರ್ಸೆಂಟ್ ಗೆದ್ದಿದ್ದಾರೆ ಎಂದು 2005ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬರೆದರು. ಆದರೆ ಆಮೇಲೆ ಹೆಚ್ಚು ವರ್ಷಗಳ, ಹೆಚ್ಚು ಪಂದ್ಯಗಳ ಲೆಕ್ಕ ಹಾಕಿದಾಗ ಆ ಅಂತರ ಬಹುಮಟ್ಟಿಗೆ ಕರಗಿಹೋಯಿತು. ರಾಶಿ, ಹೆಸರಿನ ಮೊದಲ ಅಕ್ಷರ, ಹೊರಟ ಗಳಿಗೆ ಇವುಗಳಿಂದ ಕುಸ್ತಿಯ ಫಲಿತಾಂಶ ಹೇಳಬಹುದು ಎಂಬುದಕ್ಕೆ ಅಷ್ಟು ಆಧಾರವೂ ಇಲ್ಲ. ಒಂದೇ ರಾಶಿಯ ಇಬ್ಬರು ಎದುರಾದರೂ ಒಬ್ಬ ಸೋಲಲೇಬೇಕು.

ಭವಿಷ್ಯ ಹೇಳುವವರಿಗೂ ಮಾರ್ಕ್ಸ್ ಕೊಡಿ

ಅಮೆರಿಕದ ಹವಾಮಾನ ಇಲಾಖೆಯ ಗ್ಲೆನ್ ಬ್ರಿಯರ್ 1950ರಲ್ಲಿ ಮಳೆ ಭವಿಷ್ಯಕ್ಕೆ ಮಾರ್ಕ್ಸ್ ಹಾಕುವ ದಾರಿ ಹೇಳಿಕೊಟ್ಟರು. ಕುಸ್ತಿಗೂ ಅದನ್ನೇ ಬಳಸಬಹುದು. 100 ಪರ್ಸೆಂಟ್‌ಗೆ 1, 70 ಪರ್ಸೆಂಟ್‌ಗೆ 0.7 ಎಂದು ಬರೆದುಕೊಳ್ಳಿ. ಹೇಳಿದವನು ಗೆದ್ದರೆ ಫಲಿತಾಂಶ 1, ಸೋತರೆ 0. ಎರಡರ ವ್ಯತ್ಯಾಸವನ್ನು ಅದರಿಂದಲೇ ಗುಣಿಸಿ. ಎಲ್ಲ ಕುಸ್ತಿಗಳ ಸರಾಸರಿ ತೆಗೆಯಿರಿ. ಸಂಖ್ಯೆ ಎಷ್ಟು ಸಣ್ಣದೋ ಅಂದಾಜು ಅಷ್ಟು ಒಳ್ಳೆಯದು.

10 ಕುಸ್ತಿಗೆ ಇಬ್ಬರು ಭವಿಷ್ಯ ಹೇಳಿದರು, ಇಬ್ಬರದೂ 7 ಸರಿಯಾಯಿತು. ಮೊದಲನೆಯವನು ಎಲ್ಲದಕ್ಕೂ ‘100 ಪರ್ಸೆಂಟ್ ಪಕ್ಕಾ’ ಎಂದಿದ್ದ. ಅವನ ಸರಾಸರಿ 0.30. ಎರಡನೆಯವನು ಎಲ್ಲದಕ್ಕೂ ‘70 ಪರ್ಸೆಂಟ್’ ಎಂದಿದ್ದ. ಅವನದು 0.21. ಕುಸ್ತಿ ಅಂದರೆ ಏನೆಂದೇ ಗೊತ್ತಿಲ್ಲದೆ ಎಲ್ಲದಕ್ಕೂ ‘50–50’ ಎನ್ನುವವನಿಗೆ 0.25 ಬರುತ್ತದೆ. ಅಂದರೆ 10ರಲ್ಲಿ 7 ಸರಿ ಹೇಳಿಯೂ ‘ಪಕ್ಕಾ’ ಎಂದವನು ಏನೂ ಗೊತ್ತಿಲ್ಲದವನಿಗಿಂತ ಹಿಂದೆ ಬಿದ್ದ!

ಹತ್ತನೇ ಕ್ಲಾಸಿನ ಮಕ್ಕಳು ನೋಟ್‌ಬುಕ್ಕಿನಲ್ಲೇ ಈ ಲೆಕ್ಕ ಮಾಡಬಹುದು. ನಿಮ್ಮ ಗ್ರೂಪಿನ ಭವಿಷ್ಯಕಾರರಿಗೆ ಒಂದು ಸಲ ಹಾಕಿ ನೋಡಿ.

‘ತೂಕ ಇಳಿಸಿದರೆ ಗೋಲ್ಡ್ ಗ್ಯಾರಂಟಿ’: ಅಪಾಯ ಇರುವುದು ಇಲ್ಲಿ

ಎಲ್ಲ ಫಾರ್ವರ್ಡುಗಳಲ್ಲಿ ಹೆಚ್ಚು ಅಪಾಯದ್ದು ಇದೇ. ‘51 ಕೆಜಿಯಲ್ಲಿ ಕಾಂಪಿಟೇಷನ್ ಜಾಸ್ತಿ, 48ಕ್ಕೆ ಇಳಿಸಿದರೆ ಗೋಲ್ಡ್ ಗ್ಯಾರಂಟಿ’ ಎಂಬ ಮಾತು ಕೇಳಿ ಹುಡುಗ ನೀರು ಬಿಡುತ್ತಾನೆ, ಊಟ ಬಿಡುತ್ತಾನೆ, ಸ್ವೆಟರ್ ಹಾಕಿಕೊಂಡು ಬಿಸಿಲಲ್ಲಿ ಓಡುತ್ತಾನೆ. ಎರಡು ದಿನದಲ್ಲಿ ಇಳಿಯುವುದು ಹೆಚ್ಚಾಗಿ ಮೈಯ ನೀರು, ಕೊಬ್ಬಲ್ಲ. ನೀರು ಕಡಿಮೆಯಾದರೆ ದಮ್ಮು, ಬಲ ಎರಡೂ ಇಳಿಯುತ್ತವೆ. ಮೈ ಬಿಸಿ ಹೊರಗೆ ಹೋಗದೆ ಹೃದಯ, ಮೂತ್ರಪಿಂಡಗಳಿಗೆ ಪೆಟ್ಟು ಬೀಳುತ್ತದೆ.

1997ರ ಕೊನೆಯಲ್ಲಿ ಅಮೆರಿಕದಲ್ಲಿ ಸುಮಾರು ಒಂದೇ ತಿಂಗಳಲ್ಲಿ ಮೂವರು ಕಾಲೇಜು ಕುಸ್ತಿಪಟುಗಳು ಹೀಗೆ ತೂಕ ಇಳಿಸಲು ಹೋಗಿ ಸತ್ತರು. ಅದಾದ ಮೇಲೆ ಅಲ್ಲಿನ ಕಾಲೇಜು ಕುಸ್ತಿಯಲ್ಲಿ ಬೆವರಿಳಿಸುವ ರಬ್ಬರ್ ಸೂಟು, ಬಿಸಿ ಕೋಣೆಗಳನ್ನು ನಿಷೇಧಿಸಿದರು. ಹೈಸ್ಕೂಲಿಗೂ ನಿಯಮ ಬಂತು: ಮೈಯಲ್ಲಿ ನೀರಿನಂಶ ಸರಿ ಇರುವಾಗಲೇ ಪರೀಕ್ಷೆ ಮಾಡಿ ಕನಿಷ್ಠ ತೂಕ ನಿಗದಿ ಮಾಡಬೇಕು, ಹುಡುಗರಿಗೆ 7, ಹುಡುಗಿಯರಿಗೆ 12 ಪರ್ಸೆಂಟ್‌ಗಿಂತ ಕೊಬ್ಬು ಕಡಿಮೆಯಾಗಬಾರದು, ವಾರಕ್ಕೆ ಮೈತೂಕದ 1.5 ಪರ್ಸೆಂಟ್‌ಗಿಂತ ಹೆಚ್ಚು ಇಳಿಸಬಾರದು. 50 ಕೆಜಿ ಹುಡುಗನಿಗೆ ಅದು ವಾರಕ್ಕೆ 750 ಗ್ರಾಂ. ‘ಎರಡು ದಿನದಲ್ಲಿ 3 ಕೆಜಿ’ ಎಲ್ಲಿ, ಇದೆಲ್ಲಿ?

ಬೆಳೆಯುವ ಮಕ್ಕಳಿಗೆ ಸರಿಯಾದ ತೂಕ ಅಂದರೆ ಹೊಟ್ಟೆತುಂಬ ಉಂಡು, ತಾಲೀಮು ಮಾಡಿ ತಾನಾಗಿ ನಿಲ್ಲುವ ತೂಕ. ತಲೆ ಸುತ್ತು, ಕಡು ಹಳದಿ ಮೂತ್ರ, ಸ್ನಾಯು ಸೆಳೆತ ಕಂಡರೆ ತಾಲೀಮು ನಿಲ್ಲಿಸಿ, ನೆರಳಿನಲ್ಲಿ ಕೂಡ್ರಿಸಿ, ಓಆರ್‌ಎಸ್ ಅಥವಾ ನೀರು ಕೊಡಿ. ಮಾತು ತೊದಲಿದರೆ, ಎಚ್ಚರ ತಪ್ಪಿದರೆ ಬಾಯಿಗೆ ಏನೂ ಹಾಕಬೇಡಿ, ಮೈಗೆ ತಣ್ಣೀರು ಹಾಕುತ್ತ ತಕ್ಷಣ 108ಕ್ಕೆ ಕರೆ ಮಾಡಿ.

ಫಾರ್ವರ್ಡ್ ಮಾಡುವ ಮುಂಚೆ 5 ಪ್ರಶ್ನೆ

1. ಸಂಖ್ಯೆ ಇದೆಯೇ, ಬರೀ ‘ಪಕ್ಕಾ’ ಇದೆಯೇ?
2. ಡ್ರಾ ಬಂದ ಮೇಲೆ ಹೇಳಿದ್ದೋ, ಮುಂಚೆ ಹೇಳಿದ್ದೋ?
3. ಹೇಳಿದವರ ಹಿಂದಿನ ಭವಿಷ್ಯಗಳು, ತಪ್ಪಾದವೂ ಸೇರಿ, ನೋಡಲು ಸಿಗುತ್ತವೆಯೇ?
4. ದುಡ್ಡು ಕೇಳುತ್ತಿದ್ದಾರೆಯೇ, ತೂಕ ಇಳಿಸಲು ಹೇಳುತ್ತಿದ್ದಾರೆಯೇ? ಎರಡರಲ್ಲಿ ಒಂದಕ್ಕೆ ‘ಹೌದು’ ಎಂದಾದರೂ ಅಲ್ಲಿಗೇ ಡಿಲೀಟ್ ಮಾಡಿ.
5. ಮಗುವಿನ ಫೋಟೋ, ಹೆಸರು, ಶಾಲೆ ಹಾಕಿದ್ದಾರೆಯೇ? ಮನೆಯವರನ್ನು ಕೇಳದೆ ಮುಂದೆ ಕಳಿಸಬೇಡಿ.

ನಿಮ್ಮೂರಿನ ಹುಡುಗನ ಬಗ್ಗೆ ಮೆಸೇಜ್ ಹಾಕಲೇಬೇಕು ಅನಿಸಿದರೆ ಹೀಗೆ ಬರೆಯಬಹುದು: ‘ನಮ್ಮ ಹುಡುಗ ನಾಳೆ ತಾಲೂಕು ಮಟ್ಟದ ಕುಸ್ತಿಗೆ ಹೊಂಟಾನ. ಚೊಲೊ ತಾಲೀಮು ಮಾಡ್ಯಾನ. ಬಿಡುವಿದ್ದವರು ನೋಡಾಕ ಬರ್ರಿ.’ ಇದರಲ್ಲಿ ಸುಳ್ಳಾಗುವ ಮಾತು ಒಂದೂ ಇಲ್ಲ. ಗೆದ್ದರೂ ಸೋತರೂ ಅವನು ಊರಿಗೆ ತಲೆ ಎತ್ತಿಕೊಂಡು ಬರಬಹುದು.